ಕುರುಗೋಡಿನಿಂದ ಬಳ್ಳಾರಿಗೆ ಅಣ್ಣನ ಬಾಟಲಿ

ಅಣ್ಣನ ಉಚ್ಚೆಗೆ ನನ್ನ ಉಚ್ಚೆ ಬೆರೆಸಿದವನು ನಾನೇ. ಮೊದಲೇ ಒಪ್ಪಿಕೊಂಡರೆ ಮುಂದಿನ ದಾರಿ ಹಗುರ.

ಶನಿವಾರ ಮಧ್ಯಾಹ್ನ ಸಿರುಗುಪ್ಪದಿಂದ ಬಸ್ಸಿನಲ್ಲಿ ಕುರುಗೋಡಿಗೆ ಹೋದೆ. ಅಣ್ಣನ ಮನೆ ಅಲ್ಲಿದೆ. ಅವನ ಕಾರ್ಖಾನೆಯಲ್ಲಿ ಉಕ್ಕು ಗಟ್ಟಿಯಾಗಲೆಂದು ವೆನೇಡಿಯಂ ಎಂಬ ಅಪರೂಪದ ಲೋಹದ ಪುಡಿ ಬೆರೆಸುತ್ತಾರೆ. ನಾಲ್ಕು ವರ್ಷದಿಂದ ಅಣ್ಣ ಆ ಪುಡಿಯಲ್ಲೇ ಇದ್ದಾನೆ, ಕೆಮ್ಮು ನಿಂತಿಲ್ಲ. ಮೂತ್ರದಲ್ಲಿ ಲೋಹ ಹೆಚ್ಚು ಕಂಡರೆ ಬೇರೆ ವಿಭಾಗಕ್ಕೆ ಹಾಕುತ್ತಾರಂತೆ. ವಾರದ ಕೊನೆಯ ಪಾಳಿ ಮುಗಿಸಿ, ಸ್ನಾನ ಮಾಡಿ, ಬಟ್ಟೆ ಬದಲಿಸಿ ಅಣ್ಣ ಬಾಟಲಿ ತುಂಬಿಟ್ಟಿದ್ದ. ಅದನ್ನು ಬಳ್ಳಾರಿಯ ಪ್ರಯೋಗಾಲಯಕ್ಕೆ ಮುಟ್ಟಿಸುವ ಕೆಲಸ ನನ್ನದು. ಅತ್ತಿಗೆ ಅದನ್ನು ಐಸಿನ ಡಬ್ಬಿಯಲ್ಲಿಟ್ಟು, ನನಗೆ ರೊಟ್ಟಿ, ಶೇಂಗಾ ಚಟ್ನಿ ಬಡಿಸಿ, "ಹಾದ್ಯಾಗ ಆಟ ಹಚ್ಚಬ್ಯಾಡ" ಎಂದರು. ಕಂಡವರನ್ನೆಲ್ಲ ಅಣಕಿಸುವ ಚಟ ನನಗೆ; ಹೊರಡುವಾಗ ಥೇಟು ಅಣ್ಣನ ಹಾಗೆ ಕೆಮ್ಮಿ ತೋರಿಸಿದೆ. ಅತ್ತಿಗೆ ನಗಲಿಲ್ಲ.

ಬಳ್ಳಾರಿಗೆ ಒಂದು ಗಂಟೆಯ ದಾರಿ. ಬಿಸಿಲಿಗೆ ಕಿಟಕಿಯ ಕಂಬಿ ಕಾದಿತ್ತು. ಬಾದನಹಟ್ಟಿ ಹತ್ತಿರ ನನಗೊಂದು ಸಂಶಯ ಬಂತು: ಲೋಹ ಅಂದಮೇಲೆ ಹೊಳೆಯಬೇಕಲ್ಲ? ಮುಚ್ಚಳ ತೆಗೆದು ಇಣುಕಿದೆ. ಹೊಳಪು ಕಾಣುವ ಮೊದಲೇ ರಸ್ತೆಯ ಹಂಪ್ ಬಂತು. ಮುಕ್ಕಾಲು ಪಾಲು ನನ್ನ ಪ್ಯಾಂಟಿನ ಮೇಲೆ.

ಕಂಡಕ್ಟರ್ ನೋಡಿ, "ಯಾಕಲೇ, ಬಳ್ಳಾರಿ ತನಕ ತಡಕೊಳ್ಳಾಕ ಆಗಲಿಲ್ಲೇನು?" ಎಂದ. ಬೇರೆ ದಿನವಾಗಿದ್ದರೆ ಅವನದೇ ದನಿಯಲ್ಲಿ ಉತ್ತರ ಕೊಡುತ್ತಿದ್ದೆ.

ಬಳ್ಳಾರಿ ಬಸ್ ನಿಲ್ದಾಣದ ಶೌಚಾಲಯದಲ್ಲಿ ಬಾಟಲಿಯನ್ನು ಗೆರೆಯವರೆಗೆ ನಾನೇ ತುಂಬಿದೆ. ಒಂದೇ ತಾಯಿಯ ಮಕ್ಕಳು, ಎಷ್ಟು ವ್ಯತ್ಯಾಸವಾದೀತು ಎಂದುಕೊಂಡೆ. ಆಟೋದಲ್ಲಿ ಕೂತ ಮೇಲೆ ತಲೆ ಕೆಟ್ಟಿತು. ಈಗ ಇದು ಯಾರದು? ಲೋಹ ಕಂಡರೆ ನನಗೂ ಇದೆಯೇ? ಕಾಣದಿದ್ದರೆ ಅಣ್ಣನಿಗೂ ಇಲ್ಲವೇ?

ಪ್ರಯೋಗಾಲಯದ ಮೇಡಂ ಚೀಟಿ ನೋಡಿ ಅಣ್ಣನ ಹೆಸರು ಕರೆದರು. ಚಟ ಬಿಡಬೇಕಲ್ಲ, ಅಣ್ಣನ ಗೊಗ್ಗರು ದನಿಯಲ್ಲಿ "ನಾನೇ ರೀ" ಎಂದು ಕೆಮ್ಮಿದೆ.

ಅವರು ಬಾಟಲಿ ಮುಟ್ಟಿ, "ಐಸಿನಾಗ ಬಂದದ್ದು ಬೆಚ್ಚಗ ಯಾಕ ಐತಿ?" ಎಂದರು.

ತಕ್ಷಣ ನನ್ನ ಸ್ವಂತ ದನಿ ಬಂತು. ಎಲ್ಲ ಹೇಳಿದೆ.

"ನಿಮ್ದು ಬೆರಸಿದ್ರ ಲೋಹ ಕಡಿಮಿ ತೋರಸ್ತೈತಿ. ಅದನ್ನ ನಂಬಿ ನಿಮ್ಮಣ್ಣನ್ನ ಆ ಪುಡಿಯಾಗ ಬಿಡ್ತಾರ" ಎಂದು ಅದನ್ನು ಚೆಲ್ಲಿ, ಹೊಸ ಬಾಟಲಿ ಕೊಟ್ಟರು. "ವಾರದ ಕೊನೀ ಪಾಳಿ ಮುಗದ ಕೂಡ್ಲೇ ಹಿಡದದ್ದೇ ಬೇಕು. ಇನ್ನೊಂದು ವಾರ ಅವ್ರು ಪಾಳಿ ಮುಗಸ್ಲಿ. ಮುಂದಿನ ಶನಿವಾರ ತರ್ರಿ."

ಖಾಲಿ ಬಾಟಲಿ ಹಿಡಿದು ಸಂಜೆ ಕುರುಗೋಡಿಗೆ ಮರಳಿದೆ. ಕಟ್ಟೆಯ ಮೇಲೆ ಕೂತಿದ್ದ ಅಣ್ಣನಿಗೆ ನಡೆದದ್ದನ್ನು ಹೇಳಿ, "ಈ ವಾರ ನಿನ್ ಬದ್ಲಿ ನಾ ಪಾಳಿಗೆ ಹೋಗ್ಲೇನಣ್ಣಾ? ನಿನ್ನಂಗ ಮಾತಾಡ್ತೀನಿ, ಯಾರಿಗೂ ಗೊತ್ತಾಗಂಗಿಲ್ಲ" ಎಂದೆ.

ಕೆಮ್ಮು ನಿಲ್ಲುವವರೆಗೆ ಕಾದು ಅಣ್ಣ ಹೇಳಿದ: "ನನ್ನಂಗ ಮಾತಾಡ್ತೀ, ನನ್ನಂಗ ಕೆಮ್ತೀ. ನನ್ನಂಗ ಉಚ್ಚಿ ಹೊಯ್ಯಾಕ ನಾಕ್ ವರ್ಷ ಪುಡಿ ನುಂಗಬೇಕಲೇ."