ಎರಡು ಸೊಂಡಿಲಿನ ಆನೆ ಕಾಸು

ಆ ಕಾಸನ್ನು ಬದಲಾಯಿಸಿದವನು ನಾನು, ನಿಂಗರಾಜು. ನೀನಲ್ಲ, ದಾರಿಯಲ್ಲಿ ಸಿಕ್ಕ ಇನ್ಯಾರೋ ಅಲ್ಲ — ನಾನು. ನಿನ್ನ ಎಡಗಣ್ಣು ಹೋದದ್ದು ನಿನ್ನಣ್ಣನ ಕೈಯಿಂದ ಎಂದು ಬಲ್ಲವರು ಹೇಳುತ್ತಾರೆ. ಆ ಕೈ ಎತ್ತಿಸಿದ್ದು ನನ್ನ ಮಾತು.

ಕಿರಂಗೂರಿನ ನಿಮ್ಮ ಗದ್ದೆಯಲ್ಲಿ ಟ್ರಾಕ್ಟರಿನ ಹಿಂದೆ ಮಣ್ಣಿನಿಂದ ಎದ್ದ ಕಾಸು ಅದು. ಹೆಕ್ಕಿಕೊಂಡವನು ನಿನ್ನಣ್ಣ ಬೋರೇಗೌಡ. ಮೊಬೈಲಿನಲ್ಲಿ ಅದರ ಫೋಟೋ ನೋಡಿದ ಮೈಸೂರಿನ ಸಂಗ್ರಹಕಾರರೊಬ್ಬರು, ಅಸಲಿಯಾದರೆ ಒಳ್ಳೆಯ ಬೆಲೆ ಕೊಡುತ್ತೇನೆ ಎಂದಿದ್ದರಂತೆ. ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಅಣ್ಣ ನಿನ್ನನ್ನು ಗಂಜಾಂಗೆ, ನನ್ನ ಅಂಗಡಿಗೆ ಕಳಿಸಿದ. ಚಿನ್ನದ ಕೆಲಸ ಮಾಡುವ ಆಚಾರಿ ಹಳೇ ನಾಣ್ಯವನ್ನೂ ಬಲ್ಲ ಎಂದು ನನಗೆ ಹೆಸರಿತ್ತಲ್ಲ.

ಸುಲ್ತಾನರ ಕಾಲದ ತಾಮ್ರದ ಆನೆ ಕಾಸು ನಮ್ಮ ಕಡೆ ಅಪರೂಪವೇನಲ್ಲ. ಆದರೆ ಮಸೂರದಡಿ ಹಿಡಿದಾಗ ಈ ಆನೆಗೆ ಎರಡು ಸೊಂಡಿಲು ಕಂಡವು. ಅಚ್ಚಿನಡಿ ಕಾಸು ಜರುಗಿ, ಎರಡನೆಯ ಪೆಟ್ಟು ಬೇರೆ ಜಾಗಕ್ಕೆ ಬಿದ್ದಿತ್ತು. ಸವೆತವಲ್ಲ, ಆಮೇಲೆ ಯಾರೋ ಕೆತ್ತಿದ್ದೂ ಅಲ್ಲ — ಟಂಕಸಾಲೆಯಲ್ಲೇ ಆದ ತಪ್ಪು. ಅಂಥದ್ದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಮಾರುವ ಆಸೆಯಲ್ಲ. ಅದು ನನ್ನದಾಗಬೇಕಿತ್ತು — ಅಷ್ಟೇ.

"ತೂಕ ನೋಡ್ಬೇಕು, ಬುಟ್ಟೋಗಪ್ಪ" ಎಂದೆ. ನೀನು ನಂಬಿ ಬಿಟ್ಟುಹೋದೆ. ನಾನು ಅದರಿಂದಲೇ ಅಚ್ಚು ತೆಗೆದು, ತಾಮ್ರ ಎರಕ ಹೊಯ್ದು, ಹುಳಿ ಹಚ್ಚಿ ಹಸಿರು ಕಿಲುಬು ಬರಿಸಿದೆ. ಮತ್ತೆ ಬಂದಾಗ ನಿನ್ನ ಅಂಗೈಗೆ ಇಟ್ಟದ್ದು ಆ ನಕಲಿಯನ್ನು. "ನಂಗೆ ಸರ್ಯಾಗ್ ಗೊತ್ತಾಗ್ನಿಲ್ಲ, ಮೈಸೂರ್ನೋರ್ಗೇ ತೋರ್ಸಿ" ಎಂದೂ ಹೇಳಿದೆ.

ಮೈಸೂರಿನವರು ಅಂಚಿನಲ್ಲಿದ್ದ ಎರಕದ ಗೆರೆಯನ್ನೂ ಮೈಮೇಲಿನ ಸೂಜಿಮೊನೆಯಷ್ಟು ಗುಳಿಗಳನ್ನೂ ನೋಡಿದ ಕೂಡಲೇ ಗುರುತಿಸಿಬಿಟ್ಟರು. ಮಣ್ಣಿನಿಂದ ತಾನೇ ಹೆಕ್ಕಿದ್ದು ನಕಲಿ ಹೇಗಾದೀತು? ಬೋರೇಗೌಡ ನಿನ್ನ ಕತ್ತಿನಪಟ್ಟಿ ಹಿಡಿದು ನನ್ನ ಅಂಗಡಿಯೊಳಕ್ಕೆ ಎಳೆದುತಂದ.

"ದೇವ್ರು ಮೆಚ್ಚಂಗೆ ಯೋಳಿ ಆಚಾರ್ರೆ. ಇವ್ನು ನಿಮ್ಗೆ ತಂದ್ಕೊಟ್ಟಿದ್ದು ಇದೇಯಾ?"

ನೀನು ನನ್ನನ್ನೇ ನೋಡುತ್ತಿದ್ದೆ.

"ಇದೇ ಕಣಪ್ಪ" ಎಂದೆ.

"ಅಸ್ಲೀನ ಎಲ್ಲಿಗ್ ಮಾರ್ಕಂಡ್ಯಲಾ?" ಎಂದವನೇ ಬೋರೇಗೌಡ ನನ್ನ ಅಡೆಗಲ್ಲಿನ ಮೇಲಿದ್ದ ಸುತ್ತಿಗೆ ಎತ್ತಿಕೊಂಡ. ಮೊದಲ ಏಟು ಭುಜಕ್ಕೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನೀನು ತಿರುಗಿ ಕೈಯೆತ್ತಲಿಲ್ಲ — "ನಾನಲ್ಲ ಕಣಣ್ಣ, ನಾನಲ್ಲ" ಎನ್ನುತ್ತಲೇ ಇದ್ದೆ. ಇನ್ನೊಂದು ಏಟು ಮುಖಕ್ಕೆ, ಎಡಗಣ್ಣಿಗೇ. ನೀನು ಗಾಜಿನ ಪೆಟ್ಟಿಗೆಯ ಮೇಲೆ ಬಿದ್ದೆ, ಗಾಜು ಪುಡಿಯಾಯಿತು. ಬಿದ್ದವನ ಪಕ್ಕೆಗೆ ಒದ್ದ, ಮತ್ತೆ ಒದ್ದ. ನೆತ್ತರು ನನ್ನ ತಕ್ಕಡಿಯ ತಟ್ಟೆಯವರೆಗೂ ಚಿಮ್ಮಿತು. ಒಂದು ಮಾತು ಹೇಳಿದ್ದರೆ ಅವನ ಕೈ ನಿಲ್ಲುತ್ತಿತ್ತು. ಆಗ ನಾನು ಮಾಡುತ್ತಿದ್ದದ್ದೇನು ಗೊತ್ತೇ? ಅಸಲಿ ಕಾಸಿದ್ದ ಡ್ರಾಯರು ಆ ಹೊಡೆತಕ್ಕೆ ತೆರೆದುಕೊಂಡೀತೆಂದು ಮೊಣಕಾಲಿನಿಂದ ಒತ್ತಿ ಹಿಡಿದಿದ್ದೆ.

ಆಸ್ಪತ್ರೆಯಲ್ಲಿ ನೀನು ಟ್ರಾಕ್ಟರಿನಿಂದ ಬಿದ್ದೆ ಎಂದು ಹೇಳಿ ಅಣ್ಣನನ್ನು ಉಳಿಸಿದೆ. ಹೆಂಡತಿಯನ್ನು ಕರೆದುಕೊಂಡು ಕೆ.ಆರ್. ಪೇಟೆ ಕಡೆಯ ಮಾಕವಳ್ಳಿಗೆ ಹೋಗಿ ಕಬ್ಬಿನ ಲೋಡು ತುಂಬತೊಡಗಿದೆ. ನಾನು — ದಿನವೂ ಅಂಗಡಿ ಬಾಗಿಲು ತೆಗೆದೆ. ಇಷ್ಟು ವರ್ಷ.

ಮೊನ್ನೆ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ನೀನಾಗಿಯೇ ಬಂದು ಮಾತಾಡಿಸಿದೆ. "ನಿಮ್ದೇನ್ ತೆಪ್ಪು ಆಚಾರ್ರೆ? ಕಂಡಿದ್ನ ಯೋಳುದ್ರಿ. ಅವತ್ತು ನಿಮ್ ತಾವ ಬರೋಕ್ ಮುಂಚೆ ಕಟಿಂಗ್ ಶಾಪ್ನಲ್ಲಿ ಅಂಗಿ ಬಿಚ್ಚಿ ತಗುಲಾಕಿದ್ದೆ. ಅಲ್ಲೇ ಯಾರೋ ಬದ್ಲಾಯಿಸ್ಬುಟ್ಟವ್ರೆ."

ಇಷ್ಟು ಕಾಲ ನೀನು ನಿನ್ನಲ್ಲೇ ತಪ್ಪು ಹುಡುಕಿಕೊಂಡಿದ್ದೆ. ನನ್ನನ್ನು ಒಂದು ಸಲವೂ — ಒಂದು ಸಲವೂ ಅನುಮಾನಿಸಿರಲಿಲ್ಲ.

ಮರುದಿನ ಬೆಳಗ್ಗೆ ನಾನು ಕಿರಂಗೂರಿಗೆ ಹೋದೆ. ಹಾಲು ಕರೆಯುತ್ತಿದ್ದ ನಿನ್ನಣ್ಣನ ಮುಂದೆ ಕಾಸಿಟ್ಟು ಎಲ್ಲ ಹೇಳಿದೆ. ನನ್ನ ಗಂಟಲು ಹಿಸುಕಿ ಕೊಟ್ಟಿಗೆ ಗೋಡೆಗೆ ಒತ್ತಿದ. ಕಣ್ಣು ಕತ್ತಲೆ ಬಂತು. ಆಮೇಲೆ ಥಟ್ಟನೆ ಬಿಟ್ಟು, ಅದೇ ಗೋಡೆಗೆ ತನ್ನ ಹಣೆ ಚಚ್ಚಿಕೊಳ್ಳತೊಡಗಿದ. ನೆತ್ತರು ಮೂಗಿನ ಮೇಲೆ ಇಳಿಯುತ್ತಿತ್ತು.

"ಅಣ್ಣಾ ಅಣ್ಣಾ ಅಂತಿದ್ದ... ನಾನ್ ಬುಡ್ನಿಲ್ವಲ್ಲ" ಎಂದ. ಹಣೆಯ ನೆತ್ತರು ಒರೆಸಿಕೊಂಡು, "ನಿಮ್ಮುನ್ನ ಕೊಲ್ಲೋ ಅಕ್ಕು ನಂಗಿಲ್ಲ. ಅದು ಅವ್ನ್ದು. ನಡೀರಿ, ಅವ್ನ್ ತಾವ್ಕೆ" ಎಂದ.

ಇಬ್ಬರೂ ಬರುತ್ತಿದ್ದೇವೆ, ನಿಂಗರಾಜು. ಬಸ್ಸಿನಲ್ಲಿ ನನ್ನ ಪಕ್ಕ ಕೂರಲಾರೆ ಎಂದಿದ್ದಾನೆ ನಿನ್ನಣ್ಣ. ನಿನ್ನ ಬಾಗಿಲಲ್ಲಿ, ನಿನ್ನ ಹೆಂಡತಿಯ ಎದುರಿಗೇ ಇದಿಷ್ಟನ್ನೂ ಹೇಳುತ್ತೇನೆ. ಠಾಣೆಗೆ ನಡಿ ಎಂದರೆ ನಡೆಯುತ್ತೇನೆ. ಹೊಡೆದರೆ ಕೈ ಅಡ್ಡ ಹಿಡಿಯುವುದಿಲ್ಲ. ಕ್ಷಮಿಸು ಎಂಬ ಮಾತನ್ನು ಮಾತ್ರ ಆಡುವುದಿಲ್ಲ — ಆ ಭಾರವನ್ನೂ ನಿನ್ನ ತಲೆಗೇ ಹೊರಿಸಲಾರೆ.