ಗಾಜು ತಡೆಯದ ಬೆಳಕು

ಆ ಪ್ರಯೋಗಾಲಯದಲ್ಲಿ ಅವಳ ನಿಜವಾದ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಕತ್ತಲಮ್ಮ. ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಣ್ಣ ತಯಾರಿಸುತ್ತಿದ್ದಳು. ಸೀರೆಗೆ ಹಾಕುವ ಬಣ್ಣವಲ್ಲ, ಗಡ್ಡೆ ಸುಡುವ ಬಣ್ಣ. ಅದನ್ನು ರೋಗಿಯ ಮೈಗೆ ಸೂಜಿಯಲ್ಲಿ ಕೊಟ್ಟು, ಗಡ್ಡೆಯ ಮೇಲೆ ಕೆಂಪು ಬೆಳಕು ಬಿಡುತ್ತಾರೆ. ಬಣ್ಣ ಬೆಳಕನ್ನು ಕುಡಿದು ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಆಗ ಹುಟ್ಟುವ, ಸಿಂಗ್ಲೆಟ್ ಎಂಬ ಕೆರಳಿದ ಆಮ್ಲಜನಕ ಕೈಗೆ ಸಿಕ್ಕಿದ್ದನ್ನೆಲ್ಲ ಸುಡುತ್ತದೆ.

ಎಲ್ಲ ಬಣ್ಣಕ್ಕೂ ಈ ಕೈಗುಣವಿಲ್ಲ. ಉಂಗುರದಂತಿರುವ ಬಣ್ಣದ ಅಣುವಿನ ನಡುವೆ ತಾಮ್ರ ಕೂರಿಸಿದರೆ ಅದು ಕುಡಿದ ಬೆಳಕನ್ನು ಬಿಸಿಯಾಗಿ ಚೆಲ್ಲಿ ಸುಮ್ಮನಾಗುತ್ತದೆ, ಶುದ್ಧ ಸೋಮಾರಿ. ಸತುವು ಕೂರಿಸಿ, ಅಂಚಿಗೆ ಅಯೋಡಿನ್‌ನಂಥ ಭಾರದ ಪರಮಾಣು ಅಂಟಿಸಿದರೆ, ಆಮ್ಲಜನಕ ಬಂದು ತಟ್ಟುವವರೆಗೂ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಪರೀಕ್ಷೆಗೆ ಒಂದು ಹಳದಿ ದ್ರಾವಣದಲ್ಲಿ ಅದನ್ನು ಬೆರೆಸಿ, ಕೆಂಪು ದೀಪ ಹಚ್ಚಿ ಗಡಿಯಾರ ನೋಡುತ್ತ ಕೂರಬೇಕು. ಹಳದಿ ಬೇಗ ಮಾಸಿದಷ್ಟೂ ಬಣ್ಣ ಖಾರ. ಮೂರು ವರ್ಷದಿಂದ ಆ ಹಳದಿ ಮಾಸುವಾಗೆಲ್ಲ ಅವಳಿಗೆ ಕಾಣುತ್ತಿದ್ದುದು ಅಕ್ಕನ ಕೆನ್ನೆ. ಕಣ್ಣು ಮುಚ್ಚಿದರೂ ಅದೇ.

ಅಕ್ಕನ ಗಂಟಲ ಗಡ್ಡೆಗೆ ಕೊಟ್ಟಿದ್ದು ಇವಳೇ ಮಾಡಿದ ಬಣ್ಣ. ಆ ಅಣುವಿಗೆ ನೀರೆಂದರೆ ಆಗದು. ಮೈಯ ಕೊಬ್ಬಿಗೆ ಅಂಟಿ, ಕರೆಯದೆ ಬಂದ ನೆಂಟನಂತೆ ವಾರಗಟ್ಟಲೆ ಚರ್ಮದಲ್ಲೇ ಬೀಡುಬಿಡುತ್ತದೆ. ಹಾಗಾಗಿ ಮೂವತ್ತು ದಿನ ಕತ್ತಲ ಕೋಣೆ, ಆರೈಕೆಗೆ ರಜೆ ಹಾಕಿದ ತಂಗಿ, ಅಂದರೆ ಇವಳೇ. ಹತ್ತೊಂಬತ್ತನೆಯ ದಿನ ಅಕ್ಕ ಬೆಳಗಿನಿಂದ ಒಂದೇ ಸಮನೆ ಗೋಗರೆದಳು.

“ಒಂದೇ ಒಂದ್ಸಲ ಬೀದಿ ನೋಡ್ತೀನಿ ಕಣೇ. ಬದುಕಿರೋವಾಗ್ಲೇ ಹೂತುಬಿಟ್ಟಿದ್ದೀಯಲ್ಲೇ ನನ್ನ!”

“ಸರಿ, ನೋಡು ಹೋಗು. ಕಿಟಕಿ ಮುಚ್ಚೇ ಇದೆಯಲ್ಲ, ಗಾಜು ಎಲ್ಲ ತಡೆಯುತ್ತೆ,” ಎಂದು ತಂಗಿಯೇ ಪರದೆ ಸರಿಸಿದಳು.

ಗಾಜು ತಡೆಯುವುದು ಬೇರೆ ಕಿರಣವನ್ನು. ಕೆಂಪು ಬೆಳಕು ಅದರಲ್ಲಿ ಸರಾಗವಾಗಿ ಹಾದುಬರುತ್ತದೆ. ಪ್ರಯೋಗಾಲಯದ ಸೀಸೆ ತೊಳೆಯುವವನಿಗೂ ತಿಳಿದ ಮಾತದು. ಅವಳು ಅಡುಗೆಮನೆಗೆ ಹೋಗಿ ನೆಲದ ಮೇಲೆ ಅಡ್ಡಾದಳು, ಜೋಂಪು ಹತ್ತಿತು. ಎಚ್ಚರವಾದದ್ದು ಅಕ್ಕನ ಚೀರಾಟಕ್ಕೆ. ಮುಖ, ಕೈಗಳ ತುಂಬ ಬೊಬ್ಬೆ ಎದ್ದಿತ್ತು. ಬೊಬ್ಬೆ ಮಾಯ್ದರೂ ಎಡಗೆನ್ನೆಯ ಕರಿ ಕಲೆ ಹೋಗಲಿಲ್ಲ. ತಂಗಿಯ ಕೆಲಸಕ್ಕೆ ಕುತ್ತು ಬಾರದಿರಲೆಂದು ಅಕ್ಕ ಡಾಕ್ಟರಿಗೆ, “ನಾನೇ ಪರದೆ ಸರಿಸಿದ್ದು,” ಎಂದಳು. ತಂಗಿ ಬಾಯಿ ಹೊಲಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.

ಈಗ ಗಡ್ಡೆ ಮತ್ತೆ ಬಂದಿತ್ತು. ಹೊಸ ಬಣ್ಣವೂ ಬಂದಿತ್ತು. ಅದೇ ಉಂಗುರ, ಆದರೆ ನೀರಿಗೆ ಒಗ್ಗುವ ಬಾಲಗಳನ್ನು ಜೋಡಿಸಿದ್ದು, ನಾಲ್ಕೇ ದಿನದಲ್ಲಿ ಮೈಯಿಂದ ಹೊರಟುಹೋಗುವಂಥದ್ದು. ಡಾಕ್ಟರು ಹಳೆಯ ಕಡತ ತೆರೆದು ತಲೆಯಾಡಿಸಿದರು.

“ಇವರಿಗೆ ಕೊಡೋಕಾಗಲ್ಲಮ್ಮ. ನಾಲ್ಕು ದಿನವಾದ್ರೂ ಕತ್ತಲಲ್ಲಿ ಇರಬೇಕಲ್ಲ? ಹೋದ್ಸಲ ತಾವೇ ಪರದೆ ತೆಗೆದಿದ್ದಾರೆ. ಹೇಳಿದ ಮಾತು ಕೇಳದವರನ್ನ ಈ ಚಿಕಿತ್ಸೆಗೆ ಸೇರಿಸಿಕೊಳ್ಳೋ ಹಾಗಿಲ್ಲ.”

ಅಕ್ಕ ತಲೆ ತಗ್ಗಿಸಿ ಸೆರಗಿನ ತುದಿ ಹಿಂಡುತ್ತಿದ್ದಳು. ಈಗಲೂ ಸುಮ್ಮನಿದ್ದರೆ ಅಕ್ಕನನ್ನು ತಾನೇ ಕೊಂದಂತೆ ಎಂದು ಕತ್ತಲಮ್ಮನಿಗೆ ತಿಳಿಯಿತು.

“ಅವಳಲ್ಲ ಡಾಕ್ಟ್ರೇ. ಪರದೆ ತೆಗೆದಿದ್ದು ನಾನು.”

ಡಾಕ್ಟರು ಪೆನ್ನು ಕೆಳಗಿಟ್ಟರು. ಅಕ್ಕ ಗಾಬರಿಯಿಂದ ಅಡ್ಡ ಬಂದಳು. “ಅವಳಿಗೆ ಗೊತ್ತಿರಲಿಲ್ಲ ಡಾಕ್ಟ್ರೇ. ಗಾಜು ತಡೆಯುತ್ತೆ ಅಂದ್ಕೊಂಡಿದ್ಲು ಪಾಪ.”

“ಗೊತ್ತಿತ್ತಕ್ಕ,” ಎಂದಳು ತಂಗಿ. “ನಿನ್ನ ಗೋಳು ಕೇಳಿ ಕೇಳಿ ಸಾಕಾಗಿತ್ತು. ಒಂದು ಗಳಿಗೆ ನೀನು ಸುಮ್ಮನಿದ್ರೆ ಸಾಕು ಅನ್ನಿಸಿತ್ತು.”

ಅಕ್ಕ ಹಿಂಡುತ್ತಿದ್ದ ಸೆರಗು ಬಿಟ್ಟು ಎಡಗೆನ್ನೆಯ ಕಲೆ ಮುಟ್ಟಿಕೊಂಡಳು. ಡಾಕ್ಟರು ಕಡತ ತಿದ್ದಿ, ಒಪ್ಪಿಗೆ ಪತ್ರವನ್ನು ಮುಂದೆ ಸರಿಸಿ, ಕತ್ತಲ ಕೋಣೆಯಲ್ಲಿ ಜೊತೆಗೆ ಯಾರಿರುತ್ತಾರೆಂದು ಕೇಳಿದರು.

“ಯಾರಾದ್ರೂ ನರ್ಸಮ್ಮನ್ನ ಇಡಿ,” ಎಂದು ಅಕ್ಕ ಸಹಿ ಹಾಕಿದಳು. “ಇವಳು ಬೇಡ.”