ಮೀನಿನವರ ಮಾತು

ಎಪ್ಪತ್ತರ ದಶಕದಲ್ಲಿ ಹೊನ್ನಾಳಿಯ ನಮ್ಮ ಬೀದಿಯ ಮಕ್ಕಳು ಹೊಳೆದಂಡೆಯಲ್ಲಿ ರಾಜ್ಯದ ಆಟ ಆಡುತ್ತಿದ್ದೆವು. ಬಂಡೆ ಹಿಡಿದವರು ಹದ್ದಿನವರು, ಮರಳಿನವರು ಮೀನಿನವರು. ಎರಡು ರಾಜ್ಯಕ್ಕೂ ಬೇರೆ ಬೇರೆ ಭಾಷೆ. ಹದ್ದಿನವರಾದ ನಮ್ಮದು ಕನ್ನಡವನ್ನೇ ಹಿಂದುಮುಂದು ಮಾಡಿದ ಸೋಮಾರಿ ಭಾಷೆ. ಮೀನಿನವರ ರಾಣಿ ನನ್ನ ಅಕ್ಕ. ಅವಳು ಒಂದೊಂದು ಪದವನ್ನೂ ಹೊಸದಾಗಿ ಕಟ್ಟಿದ್ದಳು. ಪಕ್ಕದ ಮನೆಯ ಗೆಳತಿ ಅವಳ ಮಂತ್ರಿ. ಶತ್ರುವಿಗೆ ಒಂದು ಪದವನ್ನೂ ಹೇಳಿಕೊಡಬಾರದೆಂದು ರಾಣಿಯ ಅಪ್ಪಣೆ.

ಮನೆಗೆ ಬಂದರೂ ಅಕ್ಕ ಅದನ್ನು ಬಿಡುತ್ತಿರಲಿಲ್ಲ. ಊಟದ ನಡುವೆ ಗೋಡೆಯಾಚೆಗೆ ಏನೋ ಕೂಗುವಳು. ಆಚೆಯಿಂದ ಗೆಳತಿ ನಗುವಳು. ನನಗೆ ಅಳು ಬರುತ್ತಿತ್ತು.

"ಮನುಷ್ಯರಂಗೆ ಮಾತಾಡಾಕೆ ಬರಲ್ಲೇನೇ ನಿನಗೆ?" ಎಂದು ಅವ್ವ ಗದರುವಳು.

ಗೆಳತಿಯ ಅಪ್ಪನಿಗೆ ನ್ಯಾಮತಿಗೆ ವರ್ಗವಾಯಿತು. ಆಟ ನಿಂತಿತು. ಅಕ್ಕ ಮಾತ್ರ ಜಗಲಿಯಲ್ಲಿ ಒಬ್ಬಳೇ ಕೂತು ಪದ ಕಟ್ಟುತ್ತಲೇ ಇದ್ದಳು. ನನಗೂ ಕಲಿಸು ಎಂದರೆ, "ನೀನು ಹದ್ದು ಕಣೇ" ಎನ್ನುವಳು.

ಮುಂದಿನ ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂದು ಮಿದುಳಿಗೇರಿತು. ಆಸ್ಪತ್ರೆಯ ಮಂಚದಲ್ಲಿ ಕಣ್ಣು ಬಿಟ್ಟರೂ ನಮ್ಮ ಗುರುತು ಹತ್ತುತ್ತಿರಲಿಲ್ಲ. ಬಿಡದೆ ಮಾತಾಡುತ್ತಿದ್ದಳು. ಜ್ವರದ ಬಡಬಡಿಕೆ ಎಂದರು ಡಾಕ್ಟರು.

"ಅಲ್ಲ ಅಪ್ಪ, ಅದು ಮೀನಿನವರ ಮಾತು. ಅಕ್ಕನ ಗೆಳತಿಗೆ ಗೊತ್ತೈತೆ" ಎಂದೆ.

ಅಪ್ಪ ಆಗಲೇ ಹೊರಟು ನ್ಯಾಮತಿಯಿಂದ ಗೆಳತಿಯನ್ನು ಕರೆತಂದ. ಅವಳು ಸ್ಕೂಲಿನ ಲಂಗದಲ್ಲೇ ಬಂದಿದ್ದಳು. ಮಂಚದ ಬದಿಗೆ ಕೂತು, ಕಿವಿ ಹತ್ತಿರ ತಂದು ಕೇಳಿದಳು.

"ನೀರು ಕೇಳ್ತಾ ಅವಳೆ. ಬಾಗ್ಲು ತೆಗೀರಿ ಅಂತಾಳೆ."

ಅವ್ವ ಬಾಗಿಲು ತೆರೆದಳು, ಕಿಟಕಿಯನ್ನೂ ತೆರೆದಳು. ಚಮಚದಲ್ಲಿ ನೀರು ಹನಿಸಿದಳು. ಗೆಳತಿ ಆ ಭಾಷೆಯಲ್ಲೇ ಏನೋ ಹೇಳಿದಾಗ ಅಕ್ಕನ ಮುಖ ಸಡಿಲವಾಯಿತು. ಆಮೇಲೆ ಅಕ್ಕ ಅವ್ವನ ಕಡೆ ಹೊರಳಿ ಉದ್ದನೆಯ ಮಾತೊಂದನ್ನು ಆಡಿದಳು.

"ಏನಂದ್ಲೇ ತಾಯಿ?" ಎಂದು ಅವ್ವ ಗೆಳತಿಯನ್ನು ಕೇಳಿದಳು.

ಗೆಳತಿ ಇನ್ನಷ್ಟು ಬಾಗಿದಳು. ಅಕ್ಕ ಮತ್ತೆ ಅದನ್ನೇ ಹೇಳಿದಳು.

"ತಿಳೀವಲ್ದು ಅವ್ವಾ. ನಾವು ಊರು ಬಿಟ್ಮೇಲೆ ಕಟ್ಟಿದ ಮಾತಿರಬೇಕು" ಎಂದು ಗೆಳತಿ ಅಳತೊಡಗಿದಳು.

ಅಕ್ಕ ಅದನ್ನು ಇನ್ನೂ ಹಲವು ಸಲ ಹೇಳಿದಳು, ಒಮ್ಮೆ ಸಿಟ್ಟಿನಿಂದ, ಒಮ್ಮೆ ಬೇಡಿಕೊಳ್ಳುವಂತೆ. ಅವ್ವ ಪ್ರತಿಸಲವೂ "ಹೂಂ ಕಣವ್ವ, ಹೂಂ" ಎಂದಳು. ಮರುದಿನ ಮಧ್ಯಾಹ್ನ ಅಕ್ಕ ಹೋದಳು.

ಎಂಬತ್ತರ ದಶಕದಲ್ಲಿ ನೆಂಟರ ಮದುವೆಗೆಂದು ಜಗಳೂರಿಗೆ ಹೋಗಿದ್ದೆವು. ಆ ಗೆಳತಿಯನ್ನು ಅಲ್ಲಿಗೇ ಕೊಟ್ಟಿದ್ದರು. ಅವ್ವ ಹಟ ಹಿಡಿದು ಅವಳ ಮನೆ ಹುಡುಕಿಸಿದಳು. ಕ್ಷೇಮಸಮಾಚಾರವಾದ ಮೇಲೆ ಅವ್ವ ಸೆರಗು ಸರಿಪಡಿಸಿಕೊಂಡು ಅಕ್ಕನ ಆ ಉದ್ದನೆಯ ಮಾತನ್ನು ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಅರ್ಥವಿಲ್ಲದ ಆ ಸದ್ದುಗಳನ್ನು ಅವ್ವ ಇಷ್ಟು ವರ್ಷ ಬಾಯಿಪಾಠ ಮಾಡಿಟ್ಟುಕೊಂಡಿದ್ದು ನನಗೇ ಗೊತ್ತಿರಲಿಲ್ಲ.

"ಈಗ ಏನಾರ ಹೊಳೀತೈತೇನೇ?"

ಗೆಳತಿ ತಲೆ ತಗ್ಗಿಸಿದಳು. "ನಾವು ಆಡ್ತಿದ್ದ ಮಾತೂ ಒಂದೂ ನೆನಪಿಲ್ಲ ಅವ್ವಾ. ಎಲ್ಲಾ ಮರ್ತು ಹೋಗೈತೆ."

"ಆಗ್ಲಿ ಬಿಡು" ಎಂದಳು ಅವ್ವ. ಗೆಳತಿಯ ಮಗಳು ಮಂಡಕ್ಕಿಯ ತಟ್ಟೆ ತಂದಿಟ್ಟಳು. ಎಷ್ಟನೇ ಕ್ಲಾಸು ಎಂದು ಅವ್ವ ಕೇಳಿದಳು. ಉತ್ತರ ಬಂದರೂ ಕೇಳಿಸಿಕೊಳ್ಳದೆ, ಆ ಮಗುವಿನ ಬಾಯಿಯನ್ನೇ ನೋಡುತ್ತ ಕೂತಳು.